ದುಡ್ಡು ಹಾಕುವ ಮೊದಲು ತೆಗೆಯುವ ತಾರೀಕು ಬರೆಯಿರಿ

ಫೆಬ್ರವರಿ, ಮಾರ್ಚ್ ಬಂತೆಂದರೆ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ದುಡ್ಡು ಕೈಗೆ ಬರುವ ಹೊತ್ತು. ಅದರ ಹಿಂದೆಯೇ ಒಂದು ಪ್ರಶ್ನೆ ಬರುತ್ತದೆ: ‘ಈಗ ಎಲ್ಲಿ ಹಾಕಿದರೆ ಒಳ್ಳೇದು?’ ಸೊಸೈಟಿ ಕಟ್ಟೆಯ ಮೇಲೆ, ಮದುವೆ ಊಟದ ಪಂಕ್ತಿಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಉತ್ತರ ಕೊಡುವವರಿಗೇನೂ ಕೊರತೆಯಿಲ್ಲ. ಒಬ್ಬರು ಮ್ಯೂಚುವಲ್ ಫಂಡ್ ಅನ್ನುತ್ತಾರೆ. ಇನ್ನೊಬ್ಬರು ಬಂಗಾರ. ಮತ್ತೊಬ್ಬರಿಗೆ ಕುಮಟಾ ಹತ್ತಿರ ಒಂದು ಜಾಗ ಗೊತ್ತಿರುತ್ತದೆ. ಅವರವರ ಲೆಕ್ಕಕ್ಕೆ ಎಲ್ಲರೂ ಸರಿಯೇ. ಆದರೆ ಆ ದುಡ್ಡು ನಿಮಗೆ ವಾಪಸ್ ಯಾವಾಗ ಬೇಕು ಅಂತ ಕೇಳುವವರು ಕಡಿಮೆ. ಆ ಒಂದು ತಾರೀಕು ಗೊತ್ತಾದರೆ ಅರ್ಧಕ್ಕಿಂತ ಜಾಸ್ತಿ ಆಯ್ಕೆಗಳು ತಾವಾಗಿಯೇ ಪಟ್ಟಿಯಿಂದ ಬಿದ್ದು ಹೋಗುತ್ತವೆ.

ಕೆಳಗಿನ ಕ್ರಮ ಅಡಿಕೆ ಬೆಳೆಗಾರರಿಗೆ, ಕಾರವಾರ ಬೈತಖೋಲದ ಬೋಟಿನವರಿಗೆ, ಕೈಗಾದಲ್ಲೋ ನೌಕಾನೆಲೆಯಲ್ಲೋ ಸಂಬಳಕ್ಕಿರುವವರಿಗೆ, ಭಟ್ಕಳ-ಹೊನ್ನಾವರದಿಂದ ಗಲ್ಫ್‌ಗೆ ಹೋದವರಿಗೆ ಎಲ್ಲರಿಗೂ ನಡೆಯುತ್ತದೆ. ಇಂಥದ್ದೇ ಫಂಡ್ ಕೊಳ್ಳಿ ಅಂತ ಇಲ್ಲಿ ಹೇಳುವುದಿಲ್ಲ. ಬಡ್ಡಿ ದರ, ತೆರಿಗೆ ನಿಯಮ ಬದಲಾಗುತ್ತಿರುತ್ತವೆ. ದುಡ್ಡು ಹಾಕುವ ದಿನ ಒಮ್ಮೆ ಕೇಳಿಕೊಳ್ಳಿ.

ಹಂತ 1: ಒಂದು ಹಾಳೆ, ಮೂರು ಕಾಲಂ

ಏನಕ್ಕೆ, ಎಷ್ಟು, ಯಾವಾಗ. ಇಷ್ಟು ಬರೆಯಿರಿ. ‘ದೀರ್ಘಾವಧಿ’, ‘ಮುಂದೆ ಬೇಕಾಗಬಹುದು’ ಅಂತೆಲ್ಲ ಬರೆಯಬೇಡಿ. ಇಸವಿ ಬರೆಯಿರಿ. ಸಾಧ್ಯವಾದರೆ ತಿಂಗಳನ್ನೂ ಬರೆಯಿರಿ.

ತೋಟದ ಮನೆಯೊಂದರ ಹಾಳೆ ಹೀಗಿರಬಹುದು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸಬೇಕು. ಮೈಲುತುತ್ತು, ಸುಣ್ಣ, ಮರ ಹತ್ತುವವರ ಕೂಲಿ, ಎಲ್ಲ ಸೇರಿ ಜೂನ್‌ನಿಂದ ಆಗಸ್ಟ್ ಒಳಗೆ ಬೇಕು. ಎರಡು ವರ್ಷ ಬಿಟ್ಟು ಮಾರಿಕಾಂಬೆ ಜಾತ್ರೆ. ಆಗ ಮನೆ ತುಂಬ ನೆಂಟರು. ಅಷ್ಟರೊಳಗೆ ಮಾಡಿನ (ಛಾವಣಿಯ) ರಿಪೇರಿ ಆಗಬೇಕು. ಐದನೇ ಕ್ಲಾಸಿನ ಮಗಳು ಪಿಯುಸಿ ಮುಗಿಸಲು ಏಳೆಂಟು ವರ್ಷ. ಇನ್ನು ಗಂಡ ಹೆಂಡತಿಯ ವಯಸ್ಸಾದ ಕಾಲದ ಖರ್ಚು. ಅದಕ್ಕೆ ಇನ್ನೂ ಇಪ್ಪತ್ತು ವರ್ಷ ಇದೆ.

ನಾಲ್ಕೂ ಒಂದೇ ಅಡಿಕೆ ಪಟ್ಟಿಯ ದುಡ್ಡು. ಆದರೆ ನಾಲ್ಕನ್ನೂ ಒಂದೇ ಕಡೆ ಹಾಕಿದರೆ ಮೂರಾದರೂ ತಪ್ಪಾದ ಜಾಗದಲ್ಲಿ ಕೂತಿರುತ್ತವೆ.

‘ಎಷ್ಟು’ ಅನ್ನುವ ಕಾಲಂನಲ್ಲಿ ಇವತ್ತಿನ ರೇಟು ಬರೆದು ಬಿಡಬೇಡಿ. ಇವತ್ತು ಎಂಜಿನಿಯರಿಂಗ್ ಓದಿಗೆ ಒಟ್ಟು 6 ಲಕ್ಷ ಅಂದುಕೊಳ್ಳಿ. ಫೀಸು ವರ್ಷಕ್ಕೆ ಶೇ. 8ರಂತೆ ಏರಿದರೆ ಎಂಟು ವರ್ಷಕ್ಕೆ ಅದು ಸುಮಾರು 11 ಲಕ್ಷ. ಬೆಲೆ ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಅಂತ ತಿಳಿಯಲು 72ನ್ನು ಏರಿಕೆಯ ದರದಿಂದ ಭಾಗಿಸಿ. ಶೇ. 6 ಆದರೆ 12 ವರ್ಷ, ಶೇ. 8 ಆದರೆ 9 ವರ್ಷ. ಕ್ಯಾಲ್ಕುಲೇಟರ್ ಕೂಡ ಬೇಡ.

ಹಂತ 2: ಮುಂದೂಡಲು ಆಗುತ್ತದಾ? ಗುರುತು ಹಾಕಿ

ಪ್ರತಿ ಸಾಲಿನ ಮುಂದೆ ‘ಗಟ್ಟಿ’ ಅಥವಾ ‘ಸಡಿಲ’ ಅಂತ ಬರೆಯಿರಿ. ಕಾಲೇಜು ಫೀಸು ಗಟ್ಟಿ ತಾರೀಕು. ಜೂನ್ ಅಂದರೆ ಜೂನ್. ಹೊಸ ಕಾರು ಸಡಿಲ. ಈ ವರ್ಷ ಇಲ್ಲದಿದ್ದರೆ ಮುಂದಿನ ವರ್ಷ ಆದೀತು.

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ವರ್ಷಗಳ ಸಂಖ್ಯೆಯಷ್ಟೇ ಮುಖ್ಯ ಇದು. 2020ರ ಜನವರಿಯಲ್ಲಿ ಶೇರು ಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 42 ಸಾವಿರ ಮುಟ್ಟಿತ್ತು. ಕೋವಿಡ್ ಬಂತು. ಮಾರ್ಚ್ 23ಕ್ಕೆ 26 ಸಾವಿರದ ಹತ್ತಿರ ಬಂದು ನಿಂತಿತು. ಅದೇ ವರ್ಷ ನವೆಂಬರ್‌ಗೆ ಮತ್ತೆ 42 ಸಾವಿರ ದಾಟಿತು. ಕಾರಿಗೆಂದು ಇಟ್ಟವರು ಹತ್ತು ತಿಂಗಳು ಸುಮ್ನೆ ಕೂತರು, ಏನೂ ಕಳೆದುಕೊಳ್ಳಲಿಲ್ಲ. ಜೂನ್ ತಿಂಗಳ ಫೀಸಿಗೆಂದು ಅಲ್ಲೇ ಇಟ್ಟವರು 33-35 ಸಾವಿರದ ಆಸುಪಾಸಿನಲ್ಲಿ ಮಾರಬೇಕಾಯಿತು. ಪೇಟೆ ಇಬ್ಬರಿಗೂ ಒಂದೇ. ಒಬ್ಬರಿಗೆ ಕಾಯುವ ದಾರಿ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ.

ಹಾಗಾಗಿ ಐದು ವರ್ಷದ ಗಟ್ಟಿ ತಾರೀಕನ್ನು ಮೂರು ವರ್ಷದ್ದು ಅಂದುಕೊಂಡೇ ಹೂಡಿ. ಸಡಿಲ ತಾರೀಕಿಗೆ ಒಂದೆರಡು ವರ್ಷ ಆಚೆ ಈಚೆ ಧೈರ್ಯ ಮಾಡಬಹುದು.

ಹಂತ 3: ಒಂದು ವರ್ಷದ ಒಳಗಿನ ದುಡ್ಡು

ಇದರಿಂದ ಲಾಭ ಬರಲಿ ಅಂತ ಆಸೆಯೇ ಇಟ್ಟುಕೊಳ್ಳಬೇಡಿ. ಕೇಳಿದ ದಿನ ಸಿಗಬೇಕು, ಹಾಕಿದ್ದಕ್ಕಿಂತ ಕಡಿಮೆ ಆಗಬಾರದು. ಅಷ್ಟೇ ಇದರ ಕೆಲಸ.

ಕರಾವಳಿಯಲ್ಲಿ ಇದರ ಲೆಕ್ಕ ಸುಲಭ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್. ಆ ಎರಡು ತಿಂಗಳ ಮನೆ ಖರ್ಚು, ಬಲೆ ರಿಪೇರಿ, ಎಂಜಿನ್ ಕೆಲಸ, ಆಗಸ್ಟ್‌ನಲ್ಲಿ ಮೊದಲ ಸಲ ಕಡಲಿಗಿಳಿಯುವಾಗಿನ ಡೀಸೆಲ್, ಐಸು. ಇಷ್ಟು ಮೇ ತಿಂಗಳು ಮುಗಿಯುವ ಮೊದಲೇ ಬೇರೆ ಖಾತೆಯಲ್ಲಿ ಇರಬೇಕು. ಇದು ಆಪತ್ತಿನ ನಿಧಿ ಅಲ್ಲ, ಪ್ರತಿ ವರ್ಷ ಬರುವ ಖರ್ಚು. ಇದರ ಮೇಲೆ ಇನ್ನೊಂದು ನಾಲ್ಕೈದು ತಿಂಗಳ ಖರ್ಚು ನಿಜವಾದ ಆಪತ್ತಿಗೆ ಅಂತ ಇರಲಿ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ದಾರಿ ಬದಿಯ ಹೋಟೆಲು, ಗ್ಯಾರೇಜು, ಮೀನು ಸಾಗಿಸುವ ಲಾರಿ, ಇವೆಲ್ಲ ಆ ರಸ್ತೆಯನ್ನೇ ನಂಬಿದ ಬದುಕು. ಇಂಥ ದಿನ ಹೇಳಿ ಬರುವುದಿಲ್ಲ.

ಎಲ್ಲಿಡಬೇಕು? ಒಂದು ಭಾಗ ಸೇವಿಂಗ್ಸ್ ಖಾತೆ. ಉಳಿದದ್ದು ಚಿಕ್ಕ ಅವಧಿಯ ಎಫ್‌ಡಿ ಅಥವಾ ಲಿಕ್ವಿಡ್ ಫಂಡ್ (ತೀರ ಚಿಕ್ಕ ಅವಧಿಯ ಸಾಲಪತ್ರಗಳಲ್ಲಿ ದುಡ್ಡು ಹಾಕುವ ಮ್ಯೂಚುವಲ್ ಫಂಡ್). ಲಿಕ್ವಿಡ್ ಫಂಡಿನಿಂದ ದುಡ್ಡು ಸಾಮಾನ್ಯವಾಗಿ ಮಾರನೇ ಕೆಲಸದ ದಿನ ಬರುತ್ತದೆ. ಕೆಲವು ಫಂಡುಗಳಲ್ಲಿ ದಿನಕ್ಕೆ 50 ಸಾವಿರದವರೆಗೆ ತಕ್ಷಣವೇ ತೆಗೆಯಬಹುದು. ಹಾಕಿದ ಏಳು ದಿನದೊಳಗೆ ತೆಗೆದರೆ ಸಣ್ಣದೊಂದು ಶುಲ್ಕ ಹಿಡಿಯುತ್ತಾರೆ. ಪಿಗ್ಮಿ ಕಟ್ಟುವವರು ಅದನ್ನು ಬಿಡಬೇಕಿಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಶುರು ಮಾಡಿದ ಪದ್ಧತಿ ಅದು. ದಿನದ ವ್ಯಾಪಾರದಿಂದ ದುಡ್ಡು ಎತ್ತಿಡಲು ಈಗಲೂ ಒಳ್ಳೆಯ ದಾರಿ. ಆದರೆ ಬಡ್ಡಿ ಕಡಿಮೆ. ಮಧ್ಯದಲ್ಲೇ ಮುರಿದರೆ ಇನ್ನೂ ಕಡಿಮೆ. ವರ್ಷ ತುಂಬಿದ ಮೇಲೆ ಅಲ್ಲೇ ಬಿಡದೆ ಹಾಳೆಯಲ್ಲಿ ಬರೆದ ಜಾಗಕ್ಕೆ ಸಾಗಿಸಿ.

ಬೆಳೆಗಾರರಿಗೆ ಇಲ್ಲೊಂದು ಮಾತು. ರೇಟು ಏರಲಿ ಅಂತ ಚಾಲಿ ಅಡಿಕೆಯ ಚೀಲಗಳನ್ನು ಅಟ್ಟದ ಮೇಲೆ, ಗೋದಾಮಿನಲ್ಲಿ ಇಟ್ಟುಕೊಳ್ಳುವುದೂ ಹೂಡಿಕೆಯೇ. ಅದಕ್ಕೂ ಅವಧಿ ಬೇಕು. ‘ಜೂನ್ ಮಳೆ ಹಿಡಿಯುವವರೆಗೆ’ ಅಂತ ಮೊದಲೇ ಬರೆದಿಟ್ಟರೆ ಒಂದು ತೀರ್ಮಾನವಾಗುತ್ತದೆ. ಬರೆಯದಿದ್ದರೆ ರೇಟು ಏರಿದಾಗ ‘ಇನ್ನೂ ಏರೀತು’, ಇಳಿದಾಗ ‘ಮತ್ತೆ ಏರೀತು’. ಔಷಧಿ ಹೊಡೆಸುವ ದುಡ್ಡಿಗೆ, ಬೆಳೆಸಾಲ ತೀರಿಸುವ ದುಡ್ಡಿಗೆ ಬೇಕಾದಷ್ಟು ಅಡಿಕೆಯನ್ನಂತೂ ಕಾಯಿಸಬೇಡಿ. ಸೊಸೈಟಿಯ ಬಡ್ಡಿಯಿಲ್ಲದ ಬೆಳೆಸಾಲ ಗಡುವಿನೊಳಗೆ ತೀರಿಸಿದರೆ ಮಾತ್ರ ಬಡ್ಡಿಯಿಲ್ಲದ್ದು. ಗಡುವು ತಪ್ಪಿಸಿ, ಕ್ವಿಂಟಾಲಿಗೆ ಸಾವಿರ ಜಾಸ್ತಿ ಸಿಗಲಿ ಅಂತ ಕಾಯುವುದು ಎಂಥ ಲೆಕ್ಕ? ಇಟ್ಟ ಅಡಿಕೆಯ ಮೇಲೆ ಸಾಲ ತೆಗೆದು ಕಾಯುವವರು ಆ ಸಾಲದ ಬಡ್ಡಿಯನ್ನೂ ರೇಟಿನಿಂದ ಕಳೆದು ನೋಡಲಿ.

ಹಂತ 4: ಒಂದರಿಂದ ನಾಲ್ಕು ವರ್ಷ

ಮಾಡು ರಿಪೇರಿ, ಉಪನಯನ, ಮದುವೆ, ಬೈಕು, ಬೋರ್‌ವೆಲ್ ಎಲ್ಲ ಇಲ್ಲಿ ಬರುತ್ತವೆ. ಇಲ್ಲಿ ಶೇರು ಬೇಡ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21 ಸಾವಿರ ಮುಟ್ಟಿತ್ತು. 2009ರ ಮಾರ್ಚ್‌ನಲ್ಲಿ 8,200ಕ್ಕಿಂತ ಕೆಳಗಿತ್ತು. ಒಂದು ಲಕ್ಷ ಇದ್ದದ್ದು ನಲವತ್ತು ಸಾವಿರದ ಒಳಗೆ ಬಂತು ಅಂದ ಹಾಗೆ. 2010ರ ಕೊನೆಗೆ ಒಮ್ಮೆ 21 ಸಾವಿರ ಮುಟ್ಟಿ ಮತ್ತೆ ಇಳಿದು, ಅಲ್ಲಿಂದ ಮೇಲೆ ಗಟ್ಟಿಯಾಗಿ ಹೋದದ್ದು 2013ರ ಕೊನೆಯ ನಂತರ. ‘ಐದು ವರ್ಷ ಇಟ್ಟರೆ ಶೇರಿನಲ್ಲಿ ನಷ್ಟವೇ ಇಲ್ಲ’ ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಈ ಅವಧಿಗೆ ಎಫ್‌ಡಿ, ಆರ್‌ಡಿ, ಅಂಚೆ ಕಚೇರಿಯ ಟೈಮ್ ಡಿಪಾಸಿಟ್ ಸಾಕು. ಇದ್ದ ಮೂರು ಲಕ್ಷವನ್ನೂ ಒಂದೇ ಎಫ್‌ಡಿ ಮಾಡಬೇಡಿ. ಒಂದು ವರ್ಷಕ್ಕೆ ಒಂದು ಲಕ್ಷ, ಎರಡು ವರ್ಷಕ್ಕೆ ಒಂದು, ಮೂರು ವರ್ಷಕ್ಕೆ ಒಂದು. ನಡುವೆ ಏನಾದರೂ ಬಂದರೆ ಒಂದನ್ನು ಮಾತ್ರ ಮುರಿದರಾಯಿತು. ಅವಧಿಗೆ ಮೊದಲೇ ಮುರಿದರೆ ಹೆಚ್ಚಿನ ಬ್ಯಾಂಕುಗಳು ಅರ್ಧದಿಂದ ಒಂದು ಪರ್ಸೆಂಟ್ ಬಡ್ಡಿ ಕಡಿಮೆ ಕೊಡುತ್ತವೆ. ಬಡ್ಡಿ ಏರುತ್ತಿರುವ ಕಾಲವಾದರೆ ಪ್ರತಿ ವರ್ಷ ಒಂದು ಠೇವಣಿ ಹೊಸ ದರಕ್ಕೆ ಹೋಗುತ್ತದೆ, ಇಳಿಯುವ ಕಾಲವಾದರೆ ಹಳೆಯ ದರ ಉಳಿಯುತ್ತದೆ.

ಈಗ ಸೂಕ್ಷ್ಮದ ವಿಷಯ. ನಮ್ಮ ಜಿಲ್ಲೆ ಸಹಕಾರಿ ಸಂಘಗಳ ಮೇಲೆ ನಿಂತ ಜಿಲ್ಲೆ. ಅಡಿಕೆ ಮಾರುವುದು ಅಲ್ಲೇ, ಗೊಬ್ಬರ ತರುವುದು ಅಲ್ಲೇ, ಠೇವಣಿ ಇಡುವುದೂ ಅಲ್ಲೇ. ಒಳ್ಳೆಯ ಸಂಘಗಳು ಬೇಕಾದಷ್ಟಿವೆ, ಬ್ಯಾಂಕಿಗಿಂತ ಜಾಸ್ತಿ ಬಡ್ಡಿಯನ್ನೂ ಕೊಡುತ್ತವೆ. ಆದರೆ ಠೇವಣಿ ವಿಮೆ ಬೇರೆ ವಿಷಯ. 2020ರ ಫೆಬ್ರವರಿಯಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆ ಸೇರಿ, ಅಸಲು ಬಡ್ಡಿ ಕೂಡಿ 5 ಲಕ್ಷದವರೆಗೆ ವಿಮೆ ಇದೆ. ಇದು ವಾಣಿಜ್ಯ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೆ. ಪ್ರಾಥಮಿಕ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ಬೋರ್ಡಿನ ಮೇಲೆ ‘ಬ್ಯಾಂಕ್’ ಅಂತಿದೆಯೋ ‘ಸಂಘ’ ಅಂತಿದೆಯೋ ನೋಡಿ. ಅನುಮಾನ ಇದ್ದರೆ ಕೌಂಟರಿನಲ್ಲಿ ಕೇಳಿ. ಕೇಳಿದರೆ ಸಂಘದವರಿಗೆ ಬೇಜಾರಾದೀತು ಅನ್ನುವ ಸಂಕೋಚ ನಮ್ಮಲ್ಲಿ ಜಾಸ್ತಿ. ಅಧ್ಯಕ್ಷರು ನೆಂಟರೇ ಆಗಿರುತ್ತಾರೆ, ಅಲ್ವಾ? ಆದರೂ ಕೇಳಿ. ಮಗಳ ಮದುವೆಯಂಥ ಗಟ್ಟಿ ತಾರೀಕಿನ ದುಡ್ಡನ್ನು ವಿಮೆ ಇರುವ ಕಡೆ ಇಡುವುದು ಜಾಣತನ. ಸಂಘದಲ್ಲಿ ಇಡುವುದಾದರೆ ವಾರ್ಷಿಕ ಸಭೆಯಲ್ಲಿ ಕೊಡುವ ಲೆಕ್ಕಪತ್ರದ ಪುಸ್ತಕವನ್ನು ತಂದು ವಸೂಲಾಗದ ಸಾಲದ ಸಾಲನ್ನಾದರೂ ಓದಿ.

ಹಂತ 5: ಐದರಿಂದ ಹತ್ತು ವರ್ಷ, ಕಷ್ಟದ ಜಾಗ

ಮಗಳ ಕಾಲೇಜು ಇಲ್ಲಿದೆ. ಪೂರ್ತಿ ಎಫ್‌ಡಿಯಲ್ಲಿಟ್ಟರೆ ಫೀಸಿನ ಏರಿಕೆ ಮುಂದೆ ಓಡುತ್ತದೆ. ಪೂರ್ತಿ ಶೇರಿನಲ್ಲಿಟ್ಟರೆ ಕೊನೆಯ ವರ್ಷ ಪೇಟೆ ಬಿದ್ದರೆ ಗತಿಯಿಲ್ಲ. ಹಾಗಾಗಿ ಎರಡೂ ಬೇಕು. ಅದಕ್ಕಿಂತ ಮುಖ್ಯವಾಗಿ, ಪಾಲು ವರ್ಷದಿಂದ ವರ್ಷಕ್ಕೆ ಬದಲಾಗಬೇಕು.

ಎಂಟು ವರ್ಷ ಇದೆ ಅನ್ನಿ. ಮೊದಲ ನಾಲ್ಕೈದು ವರ್ಷ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇಂಡೆಕ್ಸ್ ಫಂಡಿನಂಥ (ಸೂಚ್ಯಂಕದಲ್ಲಿರುವ ಶೇರುಗಳನ್ನೇ ಕೊಳ್ಳುವ ಫಂಡು) ಶೇರಿನ ಫಂಡಿನಲ್ಲಿ, ಉಳಿದದ್ದು ಠೇವಣಿಯಲ್ಲಿ. ಮೂರು ವರ್ಷ ಬಾಕಿ ಇದ್ದಾಗ ಶೇರಿನ ಪಾಲಿನಲ್ಲಿ ಮೂರನೇ ಒಂದು ಭಾಗ ತೆಗೆದು ಎಫ್‌ಡಿಗೆ ಹಾಕಿ. ಮುಂದಿನ ವರ್ಷ ಉಳಿದದ್ದರ ಅರ್ಧ. ಕೊನೆಯ ವರ್ಷ ಶುರುವಾಗುವ ಹೊತ್ತಿಗೆ ಪೂರ್ತಿ. ಪೇಟೆ ಏರುತ್ತಿದ್ದರೂ ತೆಗೆಯಬೇಕು. ಇಲ್ಲೇ ಎಲ್ಲರ ಕೈ ನಡುಗುವುದು. ಫೀಸು ಕಟ್ಟುವ ವರ್ಷ ಇನ್ನೂ ಹತ್ತು ಪರ್ಸೆಂಟ್ ಸಿಗಲಿ ಅಂತ ಬಿಟ್ಟವರಿಗೆ ಸಿಕ್ಕರೆ ಹತ್ತು, ಹೋದರೆ ಮೂವತ್ತು.

ಸ್ವಲ್ಪ ಸ್ವಲ್ಪವೇ ತೆಗೆಯುವುದಕ್ಕೆ ತೆರಿಗೆಯಲ್ಲೂ ಅನುಕೂಲ ಇದೆ. ಶೇರಿನ ಫಂಡನ್ನು ಒಂದು ವರ್ಷ ದಾಟಿ ಮಾರಿದರೆ, 2024ರ ಜುಲೈ 23ರಿಂದ ಬಂದ ನಿಯಮದಂತೆ, ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇ. 12.5. ವರ್ಷದೊಳಗೆ ಮಾರಿದರೆ ಶೇ. 20. ಮೂರು ವರ್ಷದಲ್ಲಿ ಹಂಚಿ ತೆಗೆದರೆ ಆ ವಿನಾಯಿತಿ ಮೂರು ಸಲ ಸಿಗುತ್ತದೆ. ಮಾರ್ಚ್ ಕೊನೆಗೆ ಒಂದು ಭಾಗ, ಏಪ್ರಿಲ್‌ನಲ್ಲಿ ಇನ್ನೊಂದು ಭಾಗ ಮಾರಿದರೂ ಎರಡು ಹಣಕಾಸು ವರ್ಷದ ಲೆಕ್ಕಕ್ಕೆ ಹೋಗುತ್ತದೆ.

ಸಾಲಪತ್ರದ ಫಂಡುಗಳಿಗೆ ಮೊದಲಿದ್ದ ತೆರಿಗೆ ಲಾಭ ಈಗಿಲ್ಲ. 2023ರ ಏಪ್ರಿಲ್ 1ರ ನಂತರ ಕೊಂಡದ್ದರ ಲಾಭ ನಿಮ್ಮ ಆದಾಯಕ್ಕೆ ಸೇರಿ ಅದೇ ದರದಲ್ಲಿ ತೆರಿಗೆ. ಎಫ್‌ಡಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಉಳಿದಿಲ್ಲ.

ಹೆಣ್ಣುಮಗುವಿಗೆ ಹತ್ತು ವರ್ಷ ತುಂಬುವ ಮೊದಲಾದರೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ಬಡ್ಡಿ ಚೆನ್ನಾಗಿದೆ, ತೆರಿಗೆಯೂ ಇಲ್ಲ. ಆದರೆ ತಾರೀಕು ನೋಡಿ: ಹದಿನೈದು ವರ್ಷ ಕಟ್ಟಬೇಕು, ಖಾತೆ ಮುಗಿಯುವುದು ತೆರೆದ 21 ವರ್ಷಕ್ಕೆ. ಒಂಬತ್ತನೇ ವಯಸ್ಸಿನಲ್ಲಿ ತೆರೆದರೆ ಅವಳಿಗೆ ಮೂವತ್ತಾಗಿರುತ್ತದೆ. ಹದಿನೆಂಟಾದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ ಓದಿಗೆಂದು ಅರ್ಧದವರೆಗೆ ತೆಗೆಯಬಹುದು. ಅಂದರೆ ಫೀಸಿಗೆ ಅರ್ಧ ಮಾತ್ರ ಲೆಕ್ಕಕ್ಕಿದೆ. ಇದನ್ನು ಹಾಳೆಯಲ್ಲಿ ಹಾಗೆಯೇ ಬರೆಯಿರಿ.

ಹಂತ 6: ಹತ್ತು ವರ್ಷದ ಆಚೆ

ಇಲ್ಲಿ ಹೆದರಿಕೆಯ ಮುಖವೇ ಬದಲಾಗುತ್ತದೆ. ಪೇಟೆ ಬೀಳುವುದಕ್ಕಿಂತ ಬೆಲೆ ಏರುವುದೇ ದೊಡ್ಡ ಶತ್ರು. ಶೇ. 7 ಬಡ್ಡಿಯ ಎಫ್‌ಡಿ, ಶೇ. 20 ತೆರಿಗೆ ಕಟ್ಟುವವರಿಗೆ ಉಳಿಸುವುದು 5.6. ಬೆಲೆ ಶೇ. 6 ಏರಿದರೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಪಾಸ್‌ಬುಕ್ಕಿನಲ್ಲಿ ಮೊತ್ತ ಏರುತ್ತಲೇ ಇರುವುದರಿಂದ ಅದು ಕಣ್ಣಿಗೆ ಕಾಣುವುದೇ ಇಲ್ಲ.

ತಿಂಗಳಿಗೆ 5 ಸಾವಿರದಂತೆ ಹತ್ತು ವರ್ಷ ಹಾಕಿದರೆ ಕಟ್ಟಿದ್ದು 6 ಲಕ್ಷ. ವರ್ಷಕ್ಕೆ ಶೇ. 10ರಂತೆ ಬೆಳೆದರೆ ಸುಮಾರು 10 ಲಕ್ಷ. ಅದೇ ಇಪ್ಪತ್ತು ವರ್ಷ ಹಾಕಿದರೆ ಕಟ್ಟಿದ್ದು 12 ಲಕ್ಷ, ಆಗುವುದು ಸುಮಾರು 38 ಲಕ್ಷ. ಶೇ. 10 ಅನ್ನುವುದು ಲೆಕ್ಕಕ್ಕೆ ಹಿಡಿದದ್ದು, ಯಾರೂ ಬರೆದುಕೊಟ್ಟದ್ದಲ್ಲ. ಆದರೆ ಕಟ್ಟಿದ್ದು ದುಪ್ಪಟ್ಟಾದರೆ ಬಂದದ್ದು ಮೂರೂವರೆ ಪಟ್ಟಿಗಿಂತ ಜಾಸ್ತಿ ಆದದ್ದು ಅವಧಿಯಿಂದ.

ಇಷ್ಟು ಉದ್ದದ ದಾರಿಗೆ ಇಂಡೆಕ್ಸ್ ಫಂಡ್, ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ), ಎನ್‌ಪಿಎಸ್ (ಸರ್ಕಾರದ ಪಿಂಚಣಿ ಯೋಜನೆ) ಮೂರೂ ಜೊತೆಗಿರಬಹುದು. ಪಿಪಿಎಫ್‌ಗೆ ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ. ಹದಿನೈದು ವರ್ಷದ ಅವಧಿ, ಆಮೇಲೆ ಐದೈದು ವರ್ಷ ಮುಂದುವರಿಸಬಹುದು. ಏಳನೇ ವರ್ಷದಿಂದ ಸ್ವಲ್ಪ ಭಾಗ ತೆಗೆಯಲು ಬರುತ್ತದೆ. ಬಡ್ಡಿ 2020ರ ಏಪ್ರಿಲ್‌ನಲ್ಲಿ ಶೇ. 7.1ಕ್ಕೆ ಇಳಿದು ವರ್ಷಗಟ್ಟಲೆ ಅಲ್ಲೇ ನಿಂತಿತು.

ಪಿಪಿಎಫ್ ಬೆಳೆಗಾರರಿಗೆ ಹೇಳಿ ಮಾಡಿಸಿದ ಹಾಗಿದೆ. ತಿಂಗಳ 5ನೇ ತಾರೀಕಿನ ನಂತರ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಕಡಿಮೆ ಮೊತ್ತಕ್ಕೆ ಆ ತಿಂಗಳ ಬಡ್ಡಿ. ಮಾರ್ಚ್‌ನಲ್ಲಿ ಅಡಿಕೆ ದುಡ್ಡು ಬಂದಿರುತ್ತದೆ. ಏಪ್ರಿಲ್ 5ರೊಳಗೆ ವರ್ಷದ್ದನ್ನೆಲ್ಲ ಒಟ್ಟಿಗೆ ಹಾಕಿದರೆ ಹನ್ನೆರಡು ತಿಂಗಳ ಬಡ್ಡಿಯೂ ಸಿಗುತ್ತದೆ. ಸಂಬಳದವರಿಗೆ ಇದು ಕಷ್ಟ, ತೋಟದವರಿಗೆ ಸುಲಭ.

ಇನ್ನೊಂದು ವಿಷಯ, ತೋಟದ ಬಗ್ಗೆಯೇ. ಸಸಿ ನೆಟ್ಟು ಐದಾರು ವರ್ಷ ಫಸಲಿಗೆ ಕಾಯುವ ನಮಗೆ ದೀರ್ಘ ಹೂಡಿಕೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದರ ಅರ್ಥ, ನಿಮ್ಮ ಆಸ್ತಿಯ ದೊಡ್ಡ ಪಾಲು ಈಗಾಗಲೇ ಒಂದೇ ಬೆಳೆಯ ರೇಟಿಗೆ ಗಂಟು ಬಿದ್ದಿದೆ. 2014ರಲ್ಲಿ ಕೆಂಪಡಿಕೆ ರೇಟು ಹಾರಿದ್ದೂ ನೆನಪಿದೆ, ಆಮೇಲೆ ಇಳಿದದ್ದೂ ನೆನಪಿದೆ. ರೋಗ ಬಂದ ವರ್ಷ ರೇಟೂ ಇಲ್ಲದಿದ್ದರೆ ಎರಡು ಏಟು. ಹಾಗಾಗಿ ಉಳಿದ ದೀರ್ಘ ದುಡ್ಡನ್ನು ಇನ್ನೊಂದು ಎಕರೆ ಅಡಿಕೆಗೇ ಸುರಿಯುವುದಕ್ಕಿಂತ ಅಡಿಕೆಗೆ ಸಂಬಂಧವೇ ಇಲ್ಲದ ಕಡೆ ಹಾಕುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮನೆಯ ಹಿರಿಯರು ಒಪ್ಪುವುದಿಲ್ಲ, ಗೊತ್ತು.

ಜಾಗ, ಬಂಗಾರ

ಇವೆರಡನ್ನು ಯಾವ ಹಂತಕ್ಕೆ ಸೇರಿಸುವುದು? ಜಾಗ ಹತ್ತು ವರ್ಷದ ಆಚೆಯದ್ದು. ಅದೂ ಸಡಿಲ ತಾರೀಕಿಗೆ ಮಾತ್ರ. ಕೊಳ್ಳುವವರು ಸಿಗಬೇಕು, ಕಾಗದ ಸರಿಯಿರಬೇಕು, ಕಡಲ ಹತ್ತಿರವಾದರೆ ಕರಾವಳಿ ನಿಯಂತ್ರಣ ವಲಯದ ನಿಯಮ ನೋಡಬೇಕು. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಅರಣ್ಯ ಜಾಗ), ಅರಣ್ಯ ಅತಿಕ್ರಮಣದ ಜಾಗ ಅಂತಾದರೆ ಬೇಕಾದಾಗ ಮಾರಿ ದುಡ್ಡು ಮಾಡಿಕೊಳ್ಳುವ ಮಾತೇ ಇಲ್ಲ. ‘ಯೋಜನೆ ಬರುತ್ತದೆ, ರೇಟು ಏರುತ್ತದೆ’ ಅನ್ನುವ ಸುದ್ದಿ ಕೇಳಿ ಕೊಳ್ಳುವವರು ಎರಡು ರೈಲು ದಾರಿಗಳನ್ನು ನೋಡಲಿ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡಲು ಶುರುವಾಯಿತು. ಅದೇ ಹೊತ್ತಿಗೆ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಕಾಡಿನ ಅನುಮತಿ, ಕೋರ್ಟು ಅಂತ ಸುತ್ತಿ ಇನ್ನೂ ಅಂಕೋಲಾ ಮುಟ್ಟಿಲ್ಲ. ಆ ಸುದ್ದಿಯನ್ನೇ ನಂಬಿ, ಐದು ವರ್ಷದಲ್ಲಿ ಮಾರಿ ಮಗನನ್ನು ಓದಿಸುವ ಲೆಕ್ಕ ಹಾಕಿದ್ದರೆ ಆ ಮಗನ ಮಕ್ಕಳೇ ಈಗ ಶಾಲೆಗೆ ಹೋಗುತ್ತಿರಬಹುದು.

ಬಂಗಾರ ಬೇರೆ ಥರ. ಆಭರಣದಲ್ಲಿ ಮಜೂರಿ ಹೋಗುತ್ತದೆ, ಮಾರುವಾಗ ಮತ್ತೆ ಕಡಿತ. ಹಾಗಾಗಿ ಎರಡು ವರ್ಷಕ್ಕೆಂದು ಕೊಳ್ಳುವುದು ದಂಡ. ಆದರೆ ಮನೆಯಲ್ಲಿ ಈಗಾಗಲೇ ಇರುವ ಬಂಗಾರದ ಮೇಲೆ ಅರ್ಧ ದಿನದಲ್ಲಿ ಸಾಲ ಸಿಗುತ್ತದೆ. ಆಪತ್ತಿಗೆ ಅದು ಒದಗುತ್ತದೆ. ಮಗಳ ಮದುವೆಗೆ ಬಂಗಾರವೇ ಬೇಕಾಗುವುದಾದರೆ ವರ್ಷಕ್ಕಿಷ್ಟು ಅಂತ ಕೊಂಡಿಡುವುದರಲ್ಲಿ ತಪ್ಪೇನಿಲ್ಲ.

ಹಂತ 7: ಒಟ್ಟಿಗೆ ಬರುವ ದುಡ್ಡನ್ನು ತಿಂಗಳಿಗೆ ಹಂಚುವುದು

ಎಸ್‌ಐಪಿ (ತಿಂಗಳ ಕಂತಿನಲ್ಲಿ ಫಂಡಿಗೆ ದುಡ್ಡು ಹಾಕುವ ಕ್ರಮ) ಜಾಹೀರಾತುಗಳೆಲ್ಲ ತಿಂಗಳ ಸಂಬಳದವರಿಗೆ. ವರ್ಷಕ್ಕೊಮ್ಮೆ ದುಡ್ಡು ನೋಡುವವರು ಹಾಗೇ ಶುರು ಮಾಡಿದರೆ ಸೆಪ್ಟೆಂಬರ್ ಹೊತ್ತಿಗೆ ಖಾತೆ ಖಾಲಿ, ಕಂತು ವಾಪಸ್, ಬ್ಯಾಂಕಿನಿಂದ ದಂಡ.

ಬದಲಿಗೆ ಹೀಗೆ ಮಾಡಿ. ಮಾರ್ಚ್‌ನಲ್ಲಿ ಬಂದ ದುಡ್ಡಿನಲ್ಲಿ ವರ್ಷದ ಎಸ್‌ಐಪಿಗೆ ಬೇಕಾದಷ್ಟನ್ನು, ಅಂದರೆ ತಿಂಗಳಿಗೆ 5 ಸಾವಿರವಾದರೆ 60 ಸಾವಿರವನ್ನು, ಒಂದು ಲಿಕ್ವಿಡ್ ಫಂಡಿಗೆ ಹಾಕಿ. ಅಲ್ಲಿಂದ ಅದೇ ಕಂಪನಿಯ ಶೇರಿನ ಫಂಡಿಗೆ ತಿಂಗಳು ತಿಂಗಳು ಸಾಗಿಸಲು ಎಸ್‌ಟಿಪಿ ಎನ್ನುವ ವ್ಯವಸ್ಥೆ ಇದೆ. ಒಮ್ಮೆ ಬರೆದುಕೊಟ್ಟರೆ ತಾನಾಗಿಯೇ ನಡೆಯುತ್ತದೆ. ಬೋಟಿನವರು ಜೂನ್, ಜುಲೈ ಎರಡು ತಿಂಗಳು ಎಸ್‌ಐಪಿ ನಿಲ್ಲಿಸಿಡಬಹುದು. ಹೆಚ್ಚಿನ ಫಂಡುಗಳಲ್ಲಿ ಆ ಸೌಲಭ್ಯ ಇದೆ. ಕಂತಿನ ದಿನಕ್ಕಿಂತ ಕೆಲವು ದಿನ ಮೊದಲೇ ತಿಳಿಸಬೇಕು.

ಇದೇ ಮಾರ್ಚ್‌ನಲ್ಲಿ ಏಜೆಂಟರು ಹದಿನೈದು, ಇಪ್ಪತ್ತು ವರ್ಷದ ವಿಮಾ ಪಾಲಿಸಿಗಳನ್ನೂ ಹಿಡಿದು ಬರುತ್ತಾರೆ. ಮೊದಲ ಕೆಲವು ವರ್ಷಗಳಲ್ಲೇ ಬಿಟ್ಟರೆ ಕಟ್ಟಿದ್ದಕ್ಕಿಂತ ಕಡಿಮೆ ಬರುತ್ತದೆ. ಅಡಿಕೆ ರೇಟು ಬಿದ್ದ ವರ್ಷವೂ ಈ ಕಂತು ಕಟ್ಟುವ ಶಕ್ತಿ ಇದೆಯಾ ಅಂತ ಮೊದಲು ಕೇಳಿಕೊಳ್ಳಿ.

ಗಲ್ಫ್‌ನಲ್ಲಿರುವವರ ಲೆಕ್ಕ

ಇವರ ಹಾಳೆಯಲ್ಲಿ ಮೊದಲ ಸಾಲು ‘ಊರಿಗೆ ವಾಪಸ್ ಬರುವುದು ಯಾವಾಗ’. ಎನ್‌ಆರ್‌ಇ ಎಫ್‌ಡಿಯ (ವಿದೇಶದ ಗಳಿಕೆಯನ್ನು ಅನಿವಾಸಿಗಳು ಇಲ್ಲಿ ಇಡುವ ಠೇವಣಿ) ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಆದರೆ ಕನಿಷ್ಠ ಒಂದು ವರ್ಷ ಇಡಬೇಕು. ವರ್ಷ ತುಂಬುವ ಮೊದಲು ಮುರಿದರೆ ಬಡ್ಡಿಯೇ ಇಲ್ಲ. ಹಾಗಾಗಿ ಊರಿನ ಮನೆ ಖರ್ಚಿನ ದುಡ್ಡನ್ನು ಅದರಲ್ಲಿ ಹಾಕಬೇಡಿ. ಪಿಪಿಎಫ್ ಹೊಸದಾಗಿ ತೆರೆಯಲು ಅನಿವಾಸಿಗಳಿಗೆ ಆಗುವುದಿಲ್ಲ. ಹೋಗುವ ಮೊದಲೇ ತೆರೆದದ್ದಿದ್ದರೆ ಅವಧಿ ಮುಗಿಯುವವರೆಗೆ ಕಟ್ಟಬಹುದು. ಪೂರ್ತಿ ವಾಪಸ್ ಬಂದ ಮೇಲೆ ಖಾತೆಗಳನ್ನು ನಿವಾಸಿ ಖಾತೆಗಳಾಗಿ ಬದಲಿಸಬೇಕು. ಬರುವ ಹಿಂದಿನ ವರ್ಷ ಮಾಡುವ ಠೇವಣಿಗಳ ಅವಧಿ ಆಯ್ಕೆ ಮಾಡುವಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಅರವತ್ತು ದಾಟಿದವರು

‘ಇನ್ನು ಎಲ್ಲ ಎಫ್‌ಡಿ ಸಾಕು’ ಅನ್ನುವುದು ಪೂರ್ತಿ ಸರಿಯಲ್ಲ. ಅರವತ್ತಕ್ಕೆ ನಿವೃತ್ತಿಯಾದವರು ಎಂಬತ್ತೈದರವರೆಗೆ ಬದುಕುವುದು ಈಗ ಅಪರೂಪವೇನಲ್ಲ. ಅಂದರೆ ಅವರ ದುಡ್ಡಿನ ಒಂದು ಭಾಗಕ್ಕೆ ಇಪ್ಪತ್ತು ವರ್ಷದ ಅವಧಿ ಇನ್ನೂ ಇದೆ. ಮೊದಲ ಐದು ವರ್ಷದ ಖರ್ಚಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. ಒಬ್ಬರು 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ. ಅದಾದ ಮೇಲಿನ ಐದು ವರ್ಷಕ್ಕೆ ಠೇವಣಿ. ಎಪ್ಪತ್ತು ದಾಟಿದ ಮೇಲೆ ಬೇಕಾದದ್ದರಲ್ಲಿ ಸ್ವಲ್ಪ, ಐದನೇ ಒಂದು ಭಾಗದಷ್ಟಾದರೂ, ಶೇರಿನ ಫಂಡಿನಲ್ಲಿ ಇರಬಹುದು.

ಹಂತ 8: ವರ್ಷಕ್ಕೊಮ್ಮೆ ಹಾಳೆ ತೆಗೆಯಿರಿ

ಯುಗಾದಿ ಹೊತ್ತು ಸರಿಹೋಗುತ್ತದೆ. ಹಣಕಾಸು ವರ್ಷವೂ ಆಗಲೇ ಮಗ್ಗುಲು ಬದಲಿಸುತ್ತದೆ, ಅಡಿಕೆ ದುಡ್ಡೂ ಬಂದಿರುತ್ತದೆ. ಪ್ರತಿ ಸಾಲಿನಲ್ಲೂ ಒಂದು ವರ್ಷ ಕಳೆಯಿರಿ. ಆರು ವರ್ಷದ ಸಾಲು ಐದಾಗುತ್ತದೆ. ಐದರದ್ದು ನಾಲ್ಕಾದಾಗ ಹಂತ 5ರಿಂದ ಹಂತ 4ಕ್ಕೆ ಬಂತು, ಮೂರಾದಾಗ ಶೇರಿನ ಪಾಲನ್ನು ಇಳಿಸಲು ಶುರು ಮಾಡುವ ಹೊತ್ತು. ತಾರೀಕೇ ಬದಲಾದ ಸಾಲುಗಳಿದ್ದರೆ, ಮಗ ಓದು ಬಿಟ್ಟು ತೋಟ ನೋಡಿಕೊಳ್ಳುತ್ತೇನೆ ಅಂದರೆ, ಮದುವೆ ಎರಡು ವರ್ಷ ಮುಂದಕ್ಕೆ ಹೋದರೆ, ಆ ಸಾಲನ್ನು ಹೊಸದಾಗಿ ಬರೆಯಿರಿ. ನಡುವೆ ಸೆನ್ಸೆಕ್ಸ್ ಎಷ್ಟಾಯಿತು ಅಂತ ದಿನಾ ನೋಡುವ ಅಗತ್ಯ ಇಲ್ಲ.

ಹಾಳೆಯ ಹಿಂಬದಿಯಲ್ಲಿ ಪ್ರತಿ ಖಾತೆಯ ನಾಮಿನಿ ಯಾರು ಅಂತ ಬರೆದಿಡಿ. ಅದನ್ನು ಎಲ್ಲಿಟ್ಟಿದ್ದೀರಿ ಅಂತ ಮನೆಯಲ್ಲಿ ಇನ್ನೊಬ್ಬರಿಗಾದರೂ ಹೇಳಿ.